ತಾತ ಇದ್ದದ್ದು ಯಾವ ‘ಮೈಸೂರು’?

ಕಳೆದ ತಿಂಗಳು ಅರಕಲಗೂಡು ಕಡೆಯ ಹುಡುಗನೊಬ್ಬ ಹಾಸನದ ನಮ್ಮ ಮನೆಗೆ ಬಂದ. ಕಂಕುಳಲ್ಲಿ ಪೇಪರ್ ಸುತ್ತಿದ ದೊಡ್ಡ ಫ್ರೇಮ್. ‘ಸಾರ್, ತಾತನ ವರ್ಷದ ತಿಥಿಗೆ ಅಂತ ಮಾಡಿಸಿದ್ದು. ನೇವಿಲಿ ಅವರಿದ್ದ ಹಡಗು, ಮೈಸೂರು ಅಂತ. ಅಜ್ಜಿ ನೋಡಿ ಇದಲ್ಲ ಅಂತಿದಾರೆ. ನೀವೊಂದ್ಸಲ ನೋಡಿ ಹೇಳಿ’ ಅಂದ.

ಪೇಪರ್ ಬಿಚ್ಚಿದೆ. ಒಳ್ಳೆಯ ಬಣ್ಣದ ಚಿತ್ರ. ಹಡಗಿನ ಮೂತಿಯ ಪಕ್ಕದಲ್ಲೇ ಡಿ60 ಅಂತ ದಪ್ಪಗೆ ಬರೆದಿದೆ. ಅಜ್ಜಿ ಹೇಳಿದ್ದೇ ಸರಿ.

ನಾನು ನೌಕಾಪಡೆಯಲ್ಲಿ ಸಿಗ್ನಲ್‌ಮನ್ ಆಗಿದ್ದವನು. 1981ರಲ್ಲಿ ಸೇರಿ ಹದಿನೈದು ವರ್ಷ ದುಡಿದೆ. ಬಾವುಟ, ದೀಪ, ನಂಬರು, ಇವೇ ನಮ್ಮ ಕಸುಬು. ನಿವೃತ್ತಿಯಾದ ಮೇಲೆ ಊರಲ್ಲಿ ಇನ್ನೊಂದು ಕೆಲಸ ತಾನಾಗಿ ಅಂಟಿಕೊಂಡಿತು. ಯಾರದೋ ಅಪ್ಪ, ಯಾರದೋ ಮಾವ ನೇವಿಯಲ್ಲಿದ್ದರು ಅಂತ ಹಳೆಯ ಸರ್ವಿಸ್ ಕಾಗದ ತರುತ್ತಾರೆ. ನಾನು ಓದಿ ಹೇಳುತ್ತೇನೆ. ಹತ್ತರಲ್ಲಿ ನಾಲ್ಕು ಸಲ ಗೊಂದಲ ಒಂದೇ: ಹೆಸರು ಸರಿ, ಹಡಗು ಬೇರೆ.

ಭಾರತೀಯ ನೌಕಾಪಡೆ ಒಳ್ಳೆಯ ಹೆಸರನ್ನು ಬಿಡುವುದಿಲ್ಲ. ಹಳೆಯ ಹಡಗು ಗುಜರಿಗೆ ಹೋದರೂ ಹೆಸರು ಉಳಿಯುತ್ತದೆ, ಮುಂದೊಂದು ದಿನ ಹೊಸ ಹಡಗಿಗೆ ಬರುತ್ತದೆ. ನಮ್ಮಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದಿಲ್ಲವೇ, ಹಾಗೆ. ಐಎನ್‌ಎಸ್ (ಇಂಡಿಯನ್ ನೇವಲ್ ಶಿಪ್) ಮೈಸೂರು ಅನ್ನುವ ಹಡಗುಗಳು ಎರಡು. ಒಂದು ಕ್ರೂಸರ್, ಅಂದರೆ ದೊಡ್ಡ ಗನ್ನುಗಳ ಭಾರಿ ಯುದ್ಧನೌಕೆ, ನಂಬರು ಸಿ60. ಅದು ನೌಕಾಪಡೆಯಲ್ಲಿದ್ದದ್ದು 1957ರಿಂದ 1985ರವರೆಗೆ. ಇನ್ನೊಂದು ಡಿಸ್ಟ್ರಾಯರ್, ಅಂದರೆ ಅದಕ್ಕಿಂತ ಚಿಕ್ಕ, ವೇಗದ ಯುದ್ಧನೌಕೆ, ನಂಬರು ಡಿ60. ಮುಂಬೈಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ್ದು, 1999ರ ಜೂನ್ 2ರಂದು ಸೇವೆಗೆ ಬಂತು. ಹುಡುಗನ ತಾತ ನೌಕಾಪಡೆ ಬಿಟ್ಟದ್ದು 1973ರಲ್ಲಿ. ಡಿ60ಕ್ಕೆ ಆಗಿನ್ನೂ ಕಬ್ಬಿಣದ ಒಂದು ತಗಡೂ ಕತ್ತರಿಸಿರಲಿಲ್ಲ!

ನಂಬರಿನ ಮುಂದಿರುವ ಅಕ್ಷರ ಹಡಗಿನ ಜಾತಿ. ಸಿ ಅಂದರೆ ಕ್ರೂಸರ್, ಡಿ ಅಂದರೆ ಡಿಸ್ಟ್ರಾಯರ್. ಅದಕ್ಕೇ 60 ಅಂತ ಮಾತ್ರ ನೋಡಿದರೆ ಸಾಲದು. ಖುಕ್ರಿ ಅನ್ನುವ ಹಡಗಿನ ಕಥೆಯೂ ಹೀಗೇ. 1971ರ ಡಿಸೆಂಬರ್ 9ರಂದು ಮುಳುಗಿದ ಖುಕ್ರಿ ಎಫ್149. 1989ರಲ್ಲಿ ಅದೇ ಹೆಸರಲ್ಲಿ ಬಂದದ್ದು ಪಿ49. ವಿಕ್ರಾಂತ್ ವಿಷಯಕ್ಕೆ ಬಂದರೆ ಅಕ್ಷರವೂ ಕೈಕೊಡುತ್ತದೆ. 1961ರ ವಿಕ್ರಾಂತ್ ಆರ್11, 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಸೇವೆಗೆ ಸೇರಿದ ವಿಕ್ರಾಂತ್ ಕೂಡ ಆರ್11. ಅಲ್ಲಿ ಇಸವಿ ಒಂದೇ ಗತಿ. ಹಾಗಾಗಿ ಕಾಗದ ತೆಗೆದವರು ಮೊದಲು ಹೆಸರು ನೋಡಬೇಡಿ. ಎಂದಿನಿಂದ ಎಂದಿನವರೆಗೆ ಅಂತ ಬರೆದಿರುತ್ತದಲ್ಲ, ಅದನ್ನು ನೋಡಿ.

ಇನ್ನೊಂದು ಮಾತು. ಐಎನ್‌ಎಸ್ ಅಂತಿದ್ದರೆ ಅದು ನೀರಿನ ಮೇಲೆ ತೇಲಲೇಬೇಕು ಅಂತೇನಿಲ್ಲ. ದಡದ ಮೇಲಿರುವ ನೆಲೆಗಳಿಗೂ ಅದೇ ಅಕ್ಷರ. ಐಎನ್‌ಎಸ್ ಶಿವಾಜಿ ಇರುವುದು ಲೋನಾವಳದ ಗುಡ್ಡದ ಮೇಲೆ, ಅದು ಎಂಜಿನಿಯರಿಂಗ್ ತರಬೇತಿ ಶಾಲೆ. ‘ಅಪ್ಪನ ಹಡಗು ಶಿವಾಜಿ, ಫೋಟೋ ಎಲ್ಲೂ ಸಿಗ್ತಿಲ್ಲ’ ಅಂತ ಒಬ್ಬರು ಎರಡು ವರ್ಷ ಹುಡುಕಿದ್ದರು, ಪಾಪ.

ಸರಿ, ತಾತನ ಮೈಸೂರಿಗೆ ಬರೋಣ. ಇದರ ಕಥೆ ಹೇಳಲು ಕೂತರೆ ನನಗೆ ಕಾಫಿ ಆರಿದ್ದೂ ಗೊತ್ತಾಗುವುದಿಲ್ಲ.

ಅದು ಹುಟ್ಟಿದಾಗ ಅದರ ಹೆಸರು ಮೈಸೂರು ಅಲ್ಲವೇ ಅಲ್ಲ. ಇಂಗ್ಲೆಂಡಿನ ಟೈನ್ ನದಿಯ ದಡದಲ್ಲಿ 1939ರ ಜುಲೈಯಲ್ಲಿ ನೀರಿಗಿಳಿದಾಗ ಎಚ್‌ಎಂಎಸ್ ನೈಜೀರಿಯಾ. ಬ್ರಿಟಿಷರು ಆ ಸಾಲಿನ ಕ್ರೂಸರುಗಳಿಗೆಲ್ಲ ತಮ್ಮ ವಸಾಹತುಗಳ ಹೆಸರಿಟ್ಟಿದ್ದರು: ಫಿಜಿ, ಕೀನ್ಯಾ, ಮಾರಿಷಸ್, ಸಿಲೋನ್, ಹೀಗೆ. ತಮಾಷೆ ನೋಡಿ, ನೈಜೀರಿಯಾ ಸ್ವತಂತ್ರ ದೇಶವಾದದ್ದು 1960ರಲ್ಲಿ. ಅಷ್ಟು ಹೊತ್ತಿಗೆ ಅದರ ಹೆಸರು ಹೊತ್ತಿದ್ದ ಹಡಗು ಮೈಸೂರಾಗಿ ಮೂರು ವರ್ಷವಾಗಿತ್ತು.

ಎರಡನೇ ಮಹಾಯುದ್ಧ ನಡೆಯುತ್ತಿದ್ದ 1941ರ ಜೂನ್‌ನಲ್ಲಿ ಉತ್ತರದ ಹಿಮದ ಸಮುದ್ರದಲ್ಲಿ ಲೌವೆನ್‌ಬುರ್ಗ್ ಅನ್ನುವ ಜರ್ಮನ್ ಹಡಗು ಸಿಕ್ಕಿಬಿತ್ತು. ಹವಾಮಾನದ ವರದಿ ಕಳಿಸುವ ಸಣ್ಣ ಹಡಗು ಅದು. ಹಿಡಿದದ್ದು ನೈಜೀರಿಯಾ ಮತ್ತು ಜೊತೆಗಿದ್ದ ಡಿಸ್ಟ್ರಾಯರುಗಳು. ಅದನ್ನು ಮುಳುಗಿಸುವುದಕ್ಕಿಂತ ಅದರೊಳಗಿನ ಕಾಗದ ಮುಖ್ಯವಾಗಿತ್ತು. ಜರ್ಮನರ ಎನಿಗ್ಮಾ ಗುಪ್ತಲಿಪಿ ಬಿಡಿಸುತ್ತಿದ್ದವರಿಗೆ ಆ ಕಾಗದಗಳು ಬಹಳ ಸಹಾಯ ಮಾಡಿದವು. ಗನ್‌ನವರು ಒಪ್ಪದೆ ಇರಬಹುದು, ಸಿಗ್ನಲ್ ಕಸುಬಿನ ನನಗೆ ಆ ಹಡಗಿನ ದೊಡ್ಡ ಬೇಟೆ ಅಂದರೆ ಅದೇ.

ಮರುವರ್ಷ ಪೆಟ್ಟು ತಿನ್ನುವ ಸರದಿ ಇದರದಾಯಿತು. 1942ರ ಆಗಸ್ಟ್ 12. ಹಸಿವಿನಿಂದ ಒದ್ದಾಡುತ್ತಿದ್ದ ಮಾಲ್ಟಾ ದ್ವೀಪಕ್ಕೆ ಸರಕು ಸಾಗಿಸುವ ಹಡಗುಗಳಿಗೆ ಕಾವಲಾಗಿ ಹೊರಟಿತ್ತು. ಇಟಲಿಯ ಆಕ್ಸುಮ್ ಅನ್ನುವ ಸಬ್‌ಮರೀನ್ ಒಂದೇ ಸಲಕ್ಕೆ ಟಾರ್ಪೆಡೊಗಳನ್ನು ಬಿಟ್ಟು ಮೂರು ಹಡಗಿಗೆ ಹೊಡೆಯಿತು. ನೈಜೀರಿಯಾದಲ್ಲಿ 52 ಜನ ಸತ್ತರು. ಹಡಗು ಹೇಗೋ ತೆವಳಿಕೊಂಡು ಜಿಬ್ರಾಲ್ಟರ್ ಸೇರಿತು. ಆಮೇಲೆ ಅಮೆರಿಕದಲ್ಲಿ ತಿಂಗಳುಗಟ್ಟಲೆ ರಿಪೇರಿ.

ಭಾರತ ಇದನ್ನು ಕೊಂಡದ್ದು 1954ರಲ್ಲಿ. ಚೆನ್ನಾಗಿ ರಿಪೇರಿ ಮಾಡಿಸಿ 1957ರ ಆಗಸ್ಟ್ 29ರಂದು ಮೈಸೂರು ಅಂತ ಹೆಸರಿಟ್ಟಿತು. ಆಗ ನಮ್ಮ ಹಾಸನವೂ ಮೈಸೂರು ರಾಜ್ಯವೇ. 1973ರಲ್ಲಿ ರಾಜ್ಯ ಕರ್ನಾಟಕವಾಯಿತು, ಹಡಗು ಮೈಸೂರಾಗಿಯೇ ಉಳಿಯಿತು. ಲಾಂಛನದಲ್ಲಿ ಮೈಸೂರು ಅರಸರ ಗಂಡಭೇರುಂಡ, ಅದರ ಧ್ಯೇಯವಾಕ್ಯ ‘ನ ಬಿಭೇತಿ ಕದಾಚನ’. ಯಾವತ್ತೂ ಹೆದರುವುದಿಲ್ಲ ಅಂತ. ಗಂಡಭೇರುಂಡ ನೋಡಲು ನಾವು ಮೈಸೂರಿಗೆ ಹೋಗಬೇಕಿಲ್ಲ. ಬೇಲೂರಿನ ಚೆನ್ನಕೇಶವನ ಗುಡಿಯಲ್ಲೇ ಇದೆ. ಜಿಂಕೆಯನ್ನು ಹಾವು, ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಕೊನೆಗೆ ಶರಭವನ್ನು ಗಂಡಭೇರುಂಡ. ಹಡಗಿಗೆ ಅದನ್ನು ಆರಿಸಿದವರು ಬೇಲೂರು ನೋಡಿದ್ದರೋ ಇಲ್ಲವೋ, ನಾನಂತೂ ರಜೆಗೆ ಬಂದಾಗಲೆಲ್ಲ ಹೋಗಿ ನೋಡಿ ಬರುತ್ತಿದ್ದೆ.

ಸೇವೆಯೆಲ್ಲ ಹೊಗಳಿಕೆಯೇ ಅಲ್ಲ. 1959ರಲ್ಲಿ ಸಿಲೋನ್ ಹತ್ತಿರದ ಸಮರಾಭ್ಯಾಸದಲ್ಲಿ ಮೈಸೂರಿಗೂ ಬ್ರಿಟಿಷ್ ಡಿಸ್ಟ್ರಾಯರ್ ಹೋಗ್‌ಗೂ ಡಿಕ್ಕಿಯಾಯಿತು. ಹೋಗ್‌ನ ಮೂತಿ ಜಜ್ಜಿಹೋಗಿ ಅದು ಕೊನೆಗೆ ಗುಜರಿ ಸೇರಿತು. 1971ರ ಯುದ್ಧದಲ್ಲಿ ಮೈಸೂರು ಪಶ್ಚಿಮ ನೌಕಾದಳದ ಮುಖ್ಯ ಹಡಗು. ದಳದ ಅಡ್ಮಿರಲ್ ಕುರುವಿಳ ಇದ್ದದ್ದು ಅದರಲ್ಲೇ. ಈ ಹುಡುಗನ ತಾತ ಆಗ ಕೆಳಗೆ ಬಾಯ್ಲರ್ ಕೋಣೆಯಲ್ಲಿ, ಸ್ಟೋಕರ್. ಕಾಗದದಲ್ಲಿ ತಾರೀಕು ಸಮೇತ ಇತ್ತು.

ನಾನು ಹತ್ತಿದ್ದು ಅದರ ಕೊನೆಯ ವರ್ಷದಲ್ಲಿ. ಆಗ ಅದು ಹುಡುಗರಿಗೆ ತರಬೇತಿ ಕೊಡುವ ಹಡಗು. ಎಲ್ಲಿ ಮುಟ್ಟಿದರೂ ಬಣ್ಣದ ಮೇಲೆ ಬಣ್ಣ, ಅದರ ಮೇಲೆ ಇನ್ನೊಂದು ಬಣ್ಣ. ಡಿ60ಯನ್ನು ಹೊರಗಿನಿಂದ ಮಾತ್ರ ನೋಡಿದ್ದೇನೆ. ಅದರದ್ದೂ ಕಡಿಮೆ ಸಾಧನೆಯಲ್ಲ. 2008ರ ಡಿಸೆಂಬರ್‌ನಲ್ಲಿ ಏಡನ್ ಕೊಲ್ಲಿಯಲ್ಲಿ ಇಥಿಯೋಪಿಯಾದ ಹಡಗಿನ ಮೇಲೆ ಬಿದ್ದ 23 ಕಡಲ್ಗಳ್ಳರನ್ನು ಹಿಡಿದದ್ದು ಅದೇ.

ಹುಡುಗನನ್ನು ಕೇಳಿದೆ, ‘ಅಜ್ಜಿಗೆ ಹೇಗಪ್ಪಾ ಗೊತ್ತಾಯ್ತು?’

‘ಮದುವೆಯಾದ ಹೊಸತರಲ್ಲಿ ತಾತ ಬೊಂಬಾಯಿಗೆ ಕರ್ಕೊಂಡು ಹೋಗಿ ಹಡಗು ಹತ್ತಿಸಿದ್ರಂತೆ. ಅದರಲ್ಲಿ ಹೆಲಿಕಾಪ್ಟರ್ ನಿಲ್ಲೋ ಜಾಗ ಇರ್ಲಿಲ್ಲ ಅಂದ್ರು.’

ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಡಿ60ಯ ಹಿಂಭಾಗದಲ್ಲಿ ಹೆಲಿಕಾಪ್ಟರಿಗೇ ಕಟ್ಟೆಯಿದೆ, ಮುಂದೆ ಇರುವುದು ಒಂದೇ ಗನ್. ಹಳೆಯದರಲ್ಲಿ ಆರು ಇಂಚಿನ ಒಂಬತ್ತು ಗನ್ನು. ಮೂರು ಮೂರರಂತೆ, ಮುಂದೆ ಎರಡು ಗುಂಪು, ಹಿಂದೆ ಒಂದು. ನನ್ನ ಹತ್ತಿರ ಅದರ ಕಪ್ಪು ಬಿಳುಪು ಫೋಟೋ ಒಂದಿತ್ತು, ಎದುರಿನಿಂದ ತೆಗೆದದ್ದು. ಪ್ರಿಂಟ್ ಹಾಕಿಸಿಕೊಂಡು ವಾಪಸ್ ಕೊಡು ಅಂತ ಕೊಟ್ಟು ಕಳಿಸಿದೆ.

ಮೂರು ದಿನ ಬಿಟ್ಟು ಫೋಟೋ ತಂದುಕೊಟ್ಟ. ಅಜ್ಜಿ ಕನ್ನಡಕ ಹಾಕಿಕೊಂಡು ಗನ್ನುಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ಎಣಿಸಿದರಂತೆ. ಆರು ಆಯಿತು. ‘ಹಿಂದ್ಗಡೆ ಇನ್ನೂ ಮೂರು ಇರ್ಬೇಕು, ಇದ್ರಲ್ಲಿ ಕಾಣ್ತಿಲ್ಲ ಅಷ್ಟೆ’ ಅಂದರಂತೆ.