ಹಳೆ ಜಿಪ್ಸಿಗೆ ಹಿಂದೆ ಇನ್ನೆರಡು ಸೀಟು ಕೂರಿಸಬಹುದಾ?

ಪ್ರಶ್ನೆ: ನಮ್ಮದು 2007ರ ಮಾರುತಿ ಜಿಪ್ಸಿ ಕಿಂಗ್. ಹಿಂದೆ ಎರಡೂ ಬದಿಗೆ ಉದ್ದ ಬೆಂಚು ಇದೆ. ಅದನ್ನು ಹಾಗೇ ಬಿಟ್ಟು, ಮಕ್ಕಳಿಬ್ಬರಿಗೆ ಮುಂದಕ್ಕೆ ಮುಖ ಇರುವ ಎರಡು ಸೀಟು ಹಾಕಿಸಬೇಕು ಅಂತಿದ್ದೇವೆ. ಗ್ಯಾರೇಜಿನವರು ಒಂದೇ ದಿನದ ಕೆಲಸ ಅಂತಾರೆ. ಹಾಕಿಸಬಹುದಾ? (ಸಕಲೇಶಪುರದಿಂದ)

ಉತ್ತರ: ಒಂದೇ ದಿನದ ಕೆಲಸ ಅನ್ನೋದು ನಿಜ. ನನಗೆ ಭಯ ಇರೋದೂ ಅದಕ್ಕೇ.

ಮೊದಲು ಹಿಂದಿನ ಬಾಗಿಲು ತೆಗೆದು ಒಳಗೆ ನೋಡಿ. ಎರಡೂ ಕಡೆ ಚಕ್ರದ ಮೇಲಿನ ತಗಡಿನ ಡಬ್ಬ ಒಳಕ್ಕೆ ಚಾಚಿಕೊಂಡಿದೆ. ಬೆಂಚು ಕೂತಿರೋದು ಅದರ ಮೇಲೆ. ಹೊಸ ಸೀಟಿಗೆ ಉಳಿಯುವ ಜಾಗ ಆ ಎರಡು ಡಬ್ಬಗಳ ನಡುವಿನದು ಮಾತ್ರ. ಅಲ್ಲಿ ಸೀಟು ಬಂದರೆ ಬೆಂಚಿನಲ್ಲಿ ಕೂತವರು ಕಾಲು ಎಲ್ಲಿಡಬೇಕು? ಹಾಗಾಗಿ ಬೆಂಚು ಇಲ್ಲವೇ ಸೀಟು, ಎರಡರಲ್ಲಿ ಒಂದು. 8 ಜನರ ಗಾಡಿ ನಾಲ್ಕು ಜನರದ್ದಾಗುತ್ತೆ. ಸೀಟು ಜಾಸ್ತಿ ಮಾಡಲು ಹೋಗಿ ಕಮ್ಮಿ ಮಾಡಿಕೊಂಡ ಹಾಗೆ, ಅಲ್ವಾ?

ಆ 8 ಅನ್ನೋ ಲೆಕ್ಕವನ್ನೂ ನಾನು ನಂಬಲ್ಲ. ಒಬ್ಬರಿಗೆ 65 ಕೆಜಿ ಅಂದರೂ 8 ಜನಕ್ಕೆ 520 ಕೆಜಿ. ಅದರಲ್ಲಿ ಆರು ಜನ ಹಿಂದಿನ ಅಚ್ಚಿನ ಮೇಲೆ. ಮಳೆಗಾಲದ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ತೇಲಿದ ಹಾಗಾಗೋದು ನಿಮಗೆ ಗೊತ್ತೇ ಇರುತ್ತೆ. ಅಡ್ಡ ಬೆಂಚಿನಲ್ಲಿ ಕೂತವರು ಜೋರು ಬ್ರೇಕ್ ಹಾಕಿದಾಗ ಪಕ್ಕಕ್ಕೆ ಉರುಳುತ್ತಾರೆ, ಹಿಡಿದುಕೊಳ್ಳಲು ಪಕ್ಕದವರ ಭುಜವೇ ಗತಿ. 2020ರಲ್ಲಿ ಮಹೀಂದ್ರಾದ ಹೊಸ ಥಾರ್ ಜೀಪು ಬಂದಾಗ ಅಡ್ಡ ಬೆಂಚಿನ ಆರು ಸೀಟಿನ ಮಾದರಿಯೂ ಇತ್ತು. ಸ್ವಲ್ಪ ದಿನದಲ್ಲೇ ಅದನ್ನು ಕೈಬಿಟ್ಟರು. ಹಾಗಾಗಿ ಮಕ್ಕಳು ಮುಂದಕ್ಕೆ ಮುಖ ಮಾಡಿ ಕೂರಲಿ ಅನ್ನೋ ನಿಮ್ಮ ಆಸೆ ಸರಿಯಾದದ್ದೇ.

ತೊಂದರೆ ಇರೋದು ಸೀಟನ್ನು ಕಚ್ಚಿ ಹಿಡಿಯುವ ನೆಲದಲ್ಲಿ. ನನ್ನ ಹಳೆ ಜೀಪಿಗೆ ಹೀಗೇ ಒಂದು ಸೀಟು ಹಾಕಿಸಿದ್ದೆ. ನೋಡೋಕೆ ಚೆಂದವೇ ಇತ್ತು. ಎರಡು ಮಳೆಗಾಲ ಕಳೆದ ಮೇಲೆ ಮ್ಯಾಟ್ ಎತ್ತಿದರೆ, ರೂಪಾಯಿ ನಾಣ್ಯದಷ್ಟಗಲದ ವಾಷರ್ ತುಕ್ಕು ಹಿಡಿದ ತಗಡಿನೊಳಗೆ ಅರ್ಧ ಇಳಿದಿತ್ತು. ಕೈಯಲ್ಲಿ ಎಳೆದರೆ ಸೀಟು ಅಲ್ಲಾಡುತ್ತಿತ್ತು. ಡಿಕ್ಕಿಯಾದಾಗ ಮೈಭಾರದ ಹತ್ತಾರು ಪಟ್ಟು ಎಳೆತ ಬರುತ್ತೆ. ಆ ನೆಲ ತಡೆಯುತ್ತಿತ್ತಾ? ಬೋಲ್ಟಿನ ಕೆಳಗೆ ಅಂಗೈ ಅಗಲದ ಉಕ್ಕಿನ ಪಟ್ಟಿ ಇರಬೇಕು. ಬೋಲ್ಟಿನ ತಲೆ ಮೇಲೆ 8.8 ಅಥವಾ 10.9 ಅಂತ ಅಚ್ಚಾಗಿರಬೇಕು, ಅದು ಬೋಲ್ಟು ಎಷ್ಟು ಗಟ್ಟಿ ಅನ್ನೋದರ ಗುರುತು. ಸೀಟ್ ಬೆಲ್ಟಿಗೆ ಅದರದ್ದೇ 7/16 ಇಂಚಿನ ಬೋಲ್ಟು ಬರುತ್ತೆ, ಅದರ ಬದಲು ಕೈಗೆ ಸಿಕ್ಕಿದ್ದು ಹಾಕಿಸಬೇಡಿ. ಇನ್ನೊಂದು ವಿಷಯ: ಜಿಪ್ಸಿಯ ಪೆಟ್ರೋಲ್ ಟ್ಯಾಂಕ್ ಇರೋದು ಹಿಂದಿನ ನೆಲದ ಕೆಳಗೆ. ಟ್ಯಾಂಕ್ ಇಳಿಸದೆ ಮೇಲಿಂದ ಡ್ರಿಲ್ಲು, ವೆಲ್ಡಿಂಗು ಶುರು ಮಾಡುವ ಟಿಂಕರ್ ಹತ್ತಿರ ನಿಲ್ಲಲೂ ಬೇಡಿ.

ಇಷ್ಟೆಲ್ಲ ಸರಿಯಾಗಿ ಮಾಡಿಸಿದರೂ ಕಾನೂನು ಒಪ್ಪಲ್ಲ. ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಅನ್ನುತ್ತೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು ಅಂತ ಬಂತು. ನಿಮ್ಮ ಗಾಡಿಗೆ 2022ಕ್ಕೇ 15 ವರ್ಷ ತುಂಬಿದೆ. ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ, ಅಂದರೆ 2027ಕ್ಕೆ ಮತ್ತೆ ಬ್ರೇಕ್ ಇನ್ಸ್‌ಪೆಕ್ಟರ್ ಮುಂದೆ ನಿಲ್ಲಬೇಕು. ಅಪಘಾತವಾದರೆ ವಿಮೆ ಕಂಪನಿಯವರು ಕೇಳುವ ಪ್ರಶ್ನೆಗಳು ಬೇರೆ.

‘ರಣಥಂಬೋರ್, ಕಾರ್ಬೆಟ್‌ನಲ್ಲಿ ಸಫಾರಿ ಜಿಪ್ಸಿಗಳಿಗೆಲ್ಲ ಹಿಂದೆ ಸಾಲು ಸೀಟು ಇದೆಯಲ್ಲ’ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಅವು ಕಾಡಿನೊಳಗೆ ನಿಧಾನಕ್ಕೆ ಹೋಗೋ ಗಾಡಿಗಳು. ಶಿರಾಡಿ ಘಾಟಿಯಲ್ಲಿ ಟ್ಯಾಂಕರ್ ಹಿಂದೆ ಇಳಿಯುವ ನಿಮ್ಮ ಪಾಡು ಬೇರೆ.

ಹಾಗಾಗಿ ಸೀಟು ಸೇರಿಸೋದು ಬೇಡ. ಬೆಂಚು ತೆಗೆದು ಎರಡೇ ಸೀಟು ಸಾಕು ಅನಿಸಿದರೆ, ತಗಡಿಗೆ ತೂತು ಹಾಕುವ ಮುಂಚೆ ಆರ್‌ಟಿಓದಲ್ಲಿ ಅರ್ಜಿ ಕೊಟ್ಟು ಕೇಳಿ. ಅವರು ಆಗಲ್ಲ ಅಂದರೆ ಅಲ್ಲಿಗೇ ಬಿಡಿ. 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಇಲ್ಲದಿದ್ದರೆ 1,000 ರೂಪಾಯಿ ದಂಡ ಇದ್ದೇ ಇದೆ. ಜಿಪ್ಸಿಯಲ್ಲಿ ಏರ್‌ಬ್ಯಾಗ್ ಇಲ್ಲ, ಅದು ಉಬ್ಬಿ ಮಗುವಿಗೆ ಬಡಿಯುವ ಭಯವಿಲ್ಲ, ಆದ್ದರಿಂದ ಒಬ್ಬರನ್ನು ಮುಂದಿನ ಸೀಟಿನಲ್ಲಿ ಬೂಸ್ಟರ್ (ಮಗುವನ್ನು ಎತ್ತರಿಸುವ ಪುಟ್ಟ ಸೀಟು) ಹಾಕಿ ಬೆಲ್ಟ್ ಕಟ್ಟಿ ಕೂರಿಸಬಹುದು. ಇಬ್ಬರೂ ಬರೋ ದಿನ ಬೇರೆ ಕಾರು ತೆಗೆಯಿರಿ. ಜಿಪ್ಸಿ ತೋಟಕ್ಕಿರಲಿ, ಬೆಂಚಿನ ಮೇಲೆ ಗೊಬ್ಬರದ ಚೀಲ ಆರಾಮಾಗಿ ಕೂರುತ್ತೆ.