ಮೊದಲು ಬೆರಳು ಒತ್ತಿದ್ದು ಅಧಿಕಾರಿ

ಕಲಬುರಗಿ, ಬೀದರ್, ಯಾದಗಿರಿ ಸೀಮೆಯ ಯಾವ ಊರಿನ ಕಂಟ್ರೋಲ್ ಅಂಗಡಿ, ಅಂದರೆ ಈಗ ಬೆರಳಚ್ಚಿನ ಯಂತ್ರ ಇಟ್ಟಿರುವ ರೇಷನ್ ಅಂಗಡಿ, ಮುಂದೆ ನಿಂತರೂ ಒಂದು ವಾದ ಕಿವಿಗೆ ಬಿದ್ದೇ ಬೀಳುತ್ತದೆ. "ಮಷೀನ್ ಬಂದ ಮ್ಯಾಲ ಲೂಟಿ ಕಮ್ಮಿ ಆಗ್ಯಾದ ನೋಡ್ರಿ" ಎನ್ನುವವರು ಒಂದು ಕಡೆ. "ಲೂಟಿ ಮಾಡಿದವ್ರು ಯಾರೋ, ಹೆಬ್ಬಟ್ಟ ಒತ್ತಾಕಿ ನಾನಾ?" ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಈ ವಾದವನ್ನು ಸಾಮಾನ್ಯವಾಗಿ ಆಧಾರ್‌ನಿಂದ ಶುರು ಮಾಡುತ್ತೇವೆ, ಅಂದರೆ 2010ರಿಂದ. ಆದರೆ ಕರ್ನಾಟಕದ ಸರ್ಕಾರಿ ಕಂಪ್ಯೂಟರಿಗೂ ಬೆರಳಿಗೂ ಗಂಟು ಬಿದ್ದದ್ದು ಅದಕ್ಕೂ ಒಂದು ದಶಕ ಮುಂಚೆ. ಆಗ ಒತ್ತಿದ್ದು ಬಡವರ ಬೆರಳಲ್ಲ, ಅಧಿಕಾರಿಯ ಬೆರಳು. ಅದು ಯಾವಾಗ ತಿರುವುಮುರುವಾಯಿತು ಎಂಬುದೇ ಇಲ್ಲಿನ ಕಥೆ.

ಕಾಗದದ ಜೊತೆ ನಮ್ಮ ಸೀಮೆಯ ಸಂಬಂಧ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನಿಜಾಮರ ಕಾಲದಲ್ಲಿ ರೈತ ಮಾತಾಡುತ್ತಿದ್ದದ್ದು ಕನ್ನಡ, ಆತನ ಹೊಲದ ದಫ್ತರ ಇದ್ದದ್ದು ಉರ್ದುವಿನಲ್ಲಿ. ಓದಲಾಗದ ಕಾಗದಕ್ಕೆ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. 1940ರ ದಶಕದಲ್ಲಿ ಯುದ್ಧದ ಹೆಸರಿನಲ್ಲಿ ಲೆವಿ ಧಾನ್ಯ ಎತ್ತಿದಾಗ ಯಾರ ಕಣಜದಿಂದ ಎಷ್ಟು ಹೋಗಬೇಕೆಂದು ಬರೆಯುವ ಲೇಖನಿಯೂ ಊರಿನ ಬಲಾಢ್ಯರ ಕೈಯಲ್ಲೇ ಇತ್ತು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಡಳಿತ ಮುಗಿಯಿತು, ಮರುವರ್ಷ ಜಾಗೀರುಗಳು ರದ್ದಾದವು, 1956ರ ನವೆಂಬರ್ 1ಕ್ಕೆ ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು 1961ರ ಕಾಯ್ದೆ ತೆಗೆದುಹಾಕಿತು. ಕುಲಕರ್ಣಿ ಹೋಗಿ ಗ್ರಾಮಲೆಕ್ಕಿಗ ಬಂದ. ದಫ್ತರ ಮಾತ್ರ ಬಗಲು ಬದಲಿಸಿತು, ಅಷ್ಟೆ.

ಪಹಣಿ ಬೇಕೆಂದರೆ ಗ್ರಾಮಲೆಕ್ಕಿಗ ಎಲ್ಲಿದ್ದಾನೆಂದು ಹುಡುಕಬೇಕು. ಅಪ್ಪ ತೀರಿಕೊಂಡ ಮೇಲೆ ಫೌತಿ ಖಾತೆ ಆಗಬೇಕೆಂದರೆ ಅವನ ಕೈ ಬಿಸಿ ಮಾಡಬೇಕು. 'ಭೂಮಿ' ಯೋಜನೆ ಬಂದದ್ದು ಈ ರೋಗಕ್ಕೆ. 2000–01ರ ಹೊತ್ತಿಗೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕೆಂದು ತಂತ್ರಾಂಶವೇ ಕಟ್ಟು ಹಾಕಿತ್ತು. ದುಡ್ಡು ಕೊಟ್ಟವನ ಫೈಲನ್ನು ಮೇಲೆ ಸರಿಸಲು ಬರುತ್ತಿರಲಿಲ್ಲ. ಇದಕ್ಕಿಂತ ಮುಖ್ಯವಾದ ಸಂಗತಿಯೊಂದು ಬಹಳ ಜನರಿಗೆ ನೆನಪಿಲ್ಲ. ಆ ವ್ಯವಸ್ಥೆಗೆ ಲಾಗಿನ್ ಆಗಲು ಸಿಬ್ಬಂದಿ ತಮ್ಮ ಬೆರಳಚ್ಚು ಕೊಡಬೇಕಿತ್ತು. ದಾಖಲೆ ತಿದ್ದಿದವರು ನಾಳೆ 'ನಾನಲ್ಲ, ನನ್ನ ಪಾಸ್‌ವರ್ಡ್ ಯಾರೋ ಕದ್ದರು' ಎಂದು ಜಾರಿಕೊಳ್ಳಬಾರದು ಎಂಬುದೇ ಉದ್ದೇಶ. ರೈತನ ಬೆರಳನ್ನು ಯಾರೂ ಕೇಳಲಿಲ್ಲ.

ಭೂಮಿ ಎಲ್ಲವನ್ನೂ ಸರಿಪಡಿಸಿತು ಎಂದಲ್ಲ. ಕೈಬರಹದಲ್ಲಿದ್ದ ತಪ್ಪುಗಳು ಹಾಗೇ ಪರದೆ ಮೇಲೆ ಬಂದು ಕೂತವು. ಶರಣಪ್ಪ 'ಶರಣಬಸಪ್ಪ' ಆದದ್ದನ್ನು ತಿದ್ದಿಸಲು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು. ಆದರೂ ಯಂತ್ರವನ್ನು ಯಾರ ಮೇಲಿನ ಕಾವಲಿಗೆ ಇಟ್ಟರು ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸ್ಪಷ್ಟವಿತ್ತು.

ಅದೇ ದಿಕ್ಕಿನಲ್ಲಿ ಇನ್ನೆರಡು ಹೆಜ್ಜೆ ಬಿದ್ದವು. 2005ರ ಉದ್ಯೋಗ ಖಾತರಿ ಕಾಯ್ದೆ 2006ರ ಫೆಬ್ರುವರಿ 2ರಂದು ದೇಶದ 200 ಜಿಲ್ಲೆಗಳಲ್ಲಿ ಜಾರಿಯಾದಾಗ ಕರ್ನಾಟಕದಿಂದ ಆಯ್ಕೆಯಾದ 5ರಲ್ಲಿ ಬೀದರ್ ಮತ್ತು ಗುಲಬರ್ಗಾ ಇದ್ದವು. ಯಾದಗಿರಿ ಆಗಿನ್ನೂ ಗುಲಬರ್ಗಾದೊಳಗೇ ಇತ್ತು. ಆ ಕಾಯ್ದೆಯ ಜೀವಾಳ ಸಾಮಾಜಿಕ ಲೆಕ್ಕಪರಿಶೋಧನೆಯಾಗಿತ್ತು. ಹಾಜರಿ ಪಟ್ಟಿಯನ್ನು ಗ್ರಾಮಸಭೆಯ ಮುಂದೆ ಇಡಬೇಕಿತ್ತು, ಯಾರ ಹೆಸರಿನಲ್ಲಿ ಎಷ್ಟು ದಿನ ಬರೆದಿದ್ದೀರಿ ಎಂದು ಕೂಲಿಕಾರರು ಕೇಳಬಹುದಿತ್ತು. ಆಮೇಲೆ ಬಂದದ್ದು 'ಸಕಾಲ', ಸರ್ಕಾರಿ ಸೇವೆಗಳಿಗೆ ಗಡುವು ಹಾಕಿದ ಕಾಯ್ದೆ. 2012ರ ಮಾರ್ಚ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾದ 4 ತಾಲೂಕುಗಳಲ್ಲಿ ಬೀದರ್ ಜಿಲ್ಲೆಯ ಔರಾದ್ ಒಂದು. ಅರ್ಜಿ ಕೊಟ್ಟ ಕ್ಷಣ ಒಂದು ಸಂಖ್ಯೆ ಇರುವ ಸ್ವೀಕೃತಿ ಚೀಟಿ ಕೈಗೆ ಬರಬೇಕು. ಹೇಳಿದ ದಿನಕ್ಕೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಅಧಿಕಾರಿಯ ಜೇಬಿನಿಂದ ಅರ್ಜಿದಾರರಿಗೆ ಪರಿಹಾರ. ಮೊತ್ತ ಪುಡಿಗಾಸು, ನಿಜ. ಆದರೆ ತಡವಾಗಿದ್ದಕ್ಕೆ ಯಾರು ಉತ್ತರ ಹೇಳಬೇಕು ಎಂಬುದನ್ನು ಕಾಯ್ದೆಯೇ ಹೇಳಿತ್ತು.

ಹೊಳೆ ತಿರುಗಿದ್ದು ರೇಷನ್ ಕಾರ್ಡಿನ ಹತ್ತಿರ.

1997ರಲ್ಲಿ ಪಡಿತರವನ್ನು ಬಡತನ ರೇಖೆಯ ಮೇಲೆ, ಕೆಳಗೆ ಎಂದು ಸೀಳಿದ ಮೇಲೆ ಬಿಪಿಎಲ್ ಕಾರ್ಡೇ ಆಸ್ತಿಯಂತಾಯಿತು. ಆಸ್ಪತ್ರೆಯ ರಿಯಾಯಿತಿಗೂ ಅದೇ, ಮನೆ ಮಂಜೂರಾತಿಗೂ ಅದೇ. ಕಾರ್ಡುಗಳು ಮನೆಗಳಿಗಿಂತ ಹೆಚ್ಚಾದವು. ಇರದವರ ಹೆಸರಿನಲ್ಲಿ ಅಕ್ಕಿ ಎತ್ತಿ ಕಾಳಸಂತೆಗೆ ಸಾಗಿಸುವುದು ಗುಟ್ಟಾಗಿ ಉಳಿದಿರಲಿಲ್ಲ. ಇದು ಕಟ್ಟುಕಥೆಯಲ್ಲ, 'ಮಷೀನ್ ಬಂದ ಮ್ಯಾಲ ಲೂಟಿ ಕಮ್ಮಿ' ಎನ್ನುವವರು ಕಣ್ಣಾರೆ ಕಂಡದ್ದು. ಆದರೆ ಬೋಗಸ್ ಕಾರ್ಡುಗಳು ಹುಟ್ಟಿದ್ದು ಎಲ್ಲಿ? ಅದಕ್ಕೆ ಸಹಿ ಮತ್ತು ಸೀಲು ಬೇಕಿತ್ತಲ್ಲ. ಸಹಿ ಹಾಕಿದವರನ್ನು ಹುಡುಕುವ ಬದಲು ಕಾರ್ಡುದಾರರನ್ನೇ ಸಾಲಾಗಿ ನಿಲ್ಲಿಸಿ ಜರಡಿ ಹಿಡಿಯುವುದು ಸುಲಭವಾಗಿ ಕಂಡಿತು. ಮೊದಲು ಫೋಟೊ ಮತ್ತು ಬೆರಳಚ್ಚಿನ ಕಾರ್ಡು. ಆಮೇಲೆ ಕರೆಂಟ್ ಮೀಟರಿನ ಆರ್‌ಆರ್ ನಂಬರ್ ಕೊಡಿ ಎಂಬ ಆದೇಶ. ಬಾಡಿಗೆ ಮನೆಯವರು, ಮೀಟರೇ ಇಲ್ಲದ ಗುಡಿಸಲಿನವರು ಯಾರ ನಂಬರ್ ಕೊಡಬೇಕೆಂದು ಯಾರೂ ಯೋಚಿಸಿದಂತಿರಲಿಲ್ಲ. 2016ರಲ್ಲಿ ಕೂಪನ್ ಬಂತು: ಒಂದು ಕಡೆ ಬೆರಳು ಒತ್ತಿ ಕೂಪನ್ ಪಡೆಯಬೇಕು, ಇನ್ನೊಂದು ಕಡೆ ಹೋಗಿ ಅಕ್ಕಿ ತರಬೇಕು. ಒಂದು ಚೀಲ ಅಕ್ಕಿಗೆ ಎರಡು ದಿನದ ಕೂಲಿ ಖೋತಾ. ಹೆಚ್ಚು ಕಾಲ ಬಾಳದ ಆ ಪದ್ಧತಿಯ ಬೆನ್ನಿಗೇ ಅಂಗಡಿಗಳಿಗೆ ಬೆರಳಚ್ಚು ಓದಿ ರಸೀದಿ ಮುದ್ರಿಸುವ ಪಿಒಎಸ್ ಯಂತ್ರ ಬಂತು.

ಇದರಲ್ಲಿ ಒಂದು ವ್ಯಂಗ್ಯವಿದೆ. 1990ರ ದಶಕದಲ್ಲಿ ಬೀದರ್ ಸೇರಿ ಹಲವು ಜಿಲ್ಲೆಗಳಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಹೆಬ್ಬೆಟ್ಟು ಒತ್ತುವುದು ನಾಚಿಕೆ, ಸಹಿ ಮಾಡುವುದು ಮರ್ಯಾದೆ ಎಂದು ಲಾಟೀನಿನ ಬೆಳಕಿನಲ್ಲಿ ಅಜ್ಜಿಯರಿಗೆ ಸ್ಲೇಟು ಹಿಡಿಸಿದೆವು. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ಇಡೀ ರಾಜ್ಯದಲ್ಲೇ ಕಡಿಮೆ. ಅಂಥ ಜಿಲ್ಲೆಯಲ್ಲಿ ಕಷ್ಟಪಟ್ಟು ಸಹಿ ಕಲಿತವರಿಗೂ ಕೆಲವೇ ವರ್ಷದಲ್ಲಿ, ಸಹಿ ಬೇಡ, ಹೆಬ್ಬೆಟ್ಟೇ ಬೇಕು ಎಂದೆವು.

ಯಂತ್ರ ಮಾಡುವುದೇನು? ಬೆರಳ ತುದಿಯ ಗೀರುಗಳು ಎಲ್ಲಿ ಮುಗಿಯುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬ ಗುರುತುಗಳನ್ನು ಎತ್ತಿಕೊಂಡು, ನೆಟ್‌ವರ್ಕ್ ಮೂಲಕ ಆಧಾರ್ ಕೋಶಕ್ಕೆ ಕಳಿಸಿ, ಅಲ್ಲಿರುವ ಹಳೆಯ ಅಚ್ಚಿಗೆ ತಾಳೆ ನೋಡುತ್ತದೆ. ಗೀರೇ ಸವೆದಿದ್ದರೆ ತಾಳೆಯಾಗುವುದು ಹೇಗೆ? ಶಹಾಪುರದ ಕಡೆ ಹತ್ತಿ ಬಿಡಿಸುವವರ ಬೆರಳು, ಚಿಂಚೋಳಿಯಲ್ಲಿ ತೊಗರಿ ಕೊಯ್ಯುವವರ ಬೆರಳು, ಶಹಾಬಾದ್ ಕಲ್ಲಿಗೆ ನೀರು ಬಿಟ್ಟು ಪಾಲಿಶ್ ಹಿಡಿಯುವವರ ಬೆರಳು, 70 ದಾಟಿದವರ ಒಣಗಿದ ಬೆರಳು, ಇವೆಲ್ಲ ಯಂತ್ರಕ್ಕೆ ಅಪರಿಚಿತ. ಅಂಗಡಿಯಲ್ಲಿ ತಕ್ಕಡಿ ಪಕ್ಕ ಒಂದು ಒದ್ದೆ ಬಟ್ಟೆ ಇರುತ್ತದೆ. ಮೊದಲು ಒರೆಸಿಕೊ ಎನ್ನುತ್ತಾರೆ. ಬರಲಿಲ್ಲವೆಂದರೆ ಸೆರಗಿಗೆ ತಿಕ್ಕಿ ಇನ್ನೊಮ್ಮೆ, ತಲೆಯ ಎಣ್ಣೆ ಸವರಿಕೊಂಡು ಮತ್ತೊಮ್ಮೆ. ಪಳಗಿದ ಅಂಗಡಿಕಾರರಿಗೆ ಯಾರ ಯಾವ ಬೆರಳು ನಡೆಯುತ್ತದೆಂದು ಬಾಯಿಪಾಠ: "ಆಯಿ, ಎಡಗೈ ನಡುಬಟ್ಟ ಇಡು, ಹೋದ್ ತಿಂಗಳ ಅದೇ ಬಂದಿತ್ತು." ಅದೂ ಆಗದಿದ್ದರೆ ಮೊಬೈಲಿಗೆ ಒಟಿಪಿ. ಮೊಬೈಲ್ ಮಗನದು, ಮಗ ಪುಣೆಯಲ್ಲಿ, ಹಗಲು ಹೊತ್ತು ಸೆಂಟ್ರಿಂಗ್ ಕೆಲಸದ ಮೇಲೆ ಹತ್ತಿದ್ದಾನೆ. ಇಷ್ಟರ ಮೇಲೆ ಸರ್ವರ್ ಡೌನ್ ಆದರೆ ಎಲ್ಲರ ಬೆರಳೂ ಒಂದೇ.

ಇದು ಹಳ್ಳಿಯವರ ಗೊಣಗಾಟ ಎಂದು ತಳ್ಳಿಹಾಕುವಂತಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಆಧಾರ್ ಪ್ರಾಧಿಕಾರವೇ ಇಟ್ಟ ಲೆಕ್ಕದಲ್ಲಿ ಸರ್ಕಾರಿ ಸೇವೆಗಳ ದೃಢೀಕರಣ ಶೇ 88ರಷ್ಟು ಯಶಸ್ವಿ. ಉಳಿದ ಶೇ 12 ಎಂದರೆ 100 ಪ್ರಯತ್ನಕ್ಕೆ 12 ವಿಫಲ. ಅದರ ಹಿಂದಿನ ವರ್ಷ ಜಾರ್ಖಂಡಿನ ಸಿಮ್ಡೇಗಾದಲ್ಲಿ 11 ವರ್ಷದ ಹುಡುಗಿ ಸತ್ತಾಗ, ಆಧಾರ್ ಜೋಡಣೆಯಾಗದೆ ಕಾರ್ಡು ರದ್ದಾಗಿತ್ತು, ಮನೆಯಲ್ಲಿ ಊಟವಿರಲಿಲ್ಲ ಎಂದು ಹೆತ್ತವಳು ಹೇಳಿದಳು. ಹಸಿವಲ್ಲ, ಕಾಯಿಲೆ ಎಂದಿತು ಸರ್ಕಾರ. ಅದಾಗಿ ತಿಂಗಳೊಳಗೆ, 2017ರ ಅಕ್ಟೋಬರ್ 24ರಂದು, ಆಧಾರ್ ಇಲ್ಲವೆಂದೋ ಬೆರಳು ಹೊಂದಲಿಲ್ಲವೆಂದೋ ಯಾರಿಗೂ ಪಡಿತರ ನಿರಾಕರಿಸಬೇಡಿ, ಬೇರೆ ವಹಿಯಲ್ಲಿ ಬರೆದುಕೊಂಡು ಕೊಡಿ ಎಂದು ಕೇಂದ್ರ ಎಲ್ಲ ರಾಜ್ಯಗಳಿಗೆ ಪತ್ರ ಬರೆಯಿತು. ಆ ಪತ್ರದ ವಿಷಯ ನಮ್ಮ ಎಷ್ಟು ಅಂಗಡಿಗಳ ಗೋಡೆಯ ಮೇಲಿದೆ ಎಂದು ಓದುಗರೇ ನೋಡಿಕೊಳ್ಳಬಹುದು.

ಕೋರ್ಟಿನ ಹಾದಿ ಉದ್ದದ್ದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಅರ್ಜಿ ಹಾಕಿದಾಗ ಆಧಾರ್‌ಗೆ ಕಾಯ್ದೆಯೇ ಇರಲಿಲ್ಲ. ಅದು ಬಂದದ್ದು 2016ಕ್ಕೆ. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. 2018ರ ಸೆಪ್ಟೆಂಬರ್ 26ರಂದು 4–1 ಬಹುಮತದಲ್ಲಿ ಆಧಾರ್ ಊರ್ಜಿತವಾಯಿತು. ಖಾಸಗಿ ಕಂಪನಿಗಳಿಗೆ ಅವಕಾಶ ಕೊಡುತ್ತಿದ್ದ 57ನೇ ಸೆಕ್ಷನ್ನಿಗೆ ಕತ್ತರಿ ಬಿತ್ತು, ಸಬ್ಸಿಡಿಗೆ ಆಧಾರ್ ಕೇಳುವ 7ನೇ ಸೆಕ್ಷನ್ ಉಳಿಯಿತು. ಬ್ಯಾಂಕು, ಸಿಮ್ ಕಾರ್ಡಿನ ತಲೆನೋವು ಪಟ್ಟಣದವರಿಗೆ ಅಷ್ಟಿಷ್ಟು ಇಳಿಯಿತು. ರೇಷನ್ ಸಾಲಿನವರು ನಿಂತಲ್ಲೇ ನಿಂತರು.

ಉದ್ಯೋಗ ಖಾತರಿಯ ಕೂಲಿಯಲ್ಲೂ ಹೀಗೇ ಆಯಿತು. ಗ್ರಾಮಸಭೆಯಲ್ಲಿ ಓದಬೇಕಾಗಿದ್ದ ಹಾಜರಿಯ ಜಾಗಕ್ಕೆ ಆ್ಯಪ್ ಬಂತು. 2023ರ ಜನವರಿಯಿಂದ ಎಲ್ಲ ಸಮುದಾಯ ಕಾಮಗಾರಿಗೂ ದಿನಕ್ಕೆ ಎರಡು ಫೋಟೊ ಕಡ್ಡಾಯವಾಯಿತು. ಆರಂಭದ ನಿಯಮದಂತೆ ಎರಡನೆಯದು ಮಧ್ಯಾಹ್ನ 2ರ ಮೇಲೆ. ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬಿಸಿಲಿನ ಕಾರಣಕ್ಕೆ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಕಚೇರಿಯವರು ಫ್ಯಾನಿನ ಕೆಳಗೆ ಊಟಕ್ಕೆ ಕೂತ ಹೊತ್ತಿಗೆ, ಬೆಳಗಿನ ತಂಪಿನಲ್ಲೇ ಮಣ್ಣು ಹೊತ್ತು ಮುಗಿಸಿದವರು ಕೆರೆಯಂಗಳದಲ್ಲಿ ಎರಡನೇ ಫೋಟೊಕ್ಕೆ ಕಾಯಬೇಕಿತ್ತು. ಮುಂದೆ ಇದನ್ನು ಸಡಿಲಿಸಿ, ಮೊದಲ ಫೋಟೊ ಆಗಿ 4 ತಾಸು ಕಳೆದರೆ ಎರಡನೆಯದನ್ನು ತೆಗೆಯಬಹುದು ಎಂದರು.

ಹಾಗಂತ ಯಂತ್ರದಿಂದ ಬಡವರಿಗೆ ಏನೂ ಬರಲಿಲ್ಲ ಎಂದರೆ ಅದೂ ಸುಳ್ಳಾದೀತು. ಬೆರಳಿನ ಗುರುತು ಇರುವುದರಿಂದಲೇ ಇಂದು ಒಂದೇ ಅಂಗಡಿಗೆ ಜೋತು ಬೀಳಬೇಕಿಲ್ಲ. ತೂಕದಲ್ಲಿ ಹೊಡೆಯುವವನನ್ನು ಬಿಟ್ಟು ಪಕ್ಕದ ಊರಿಗೆ ಹೋಗಬಹುದು. 2020ರ ಜನವರಿಯಲ್ಲಿ ಕರ್ನಾಟಕ 'ಒಂದು ದೇಶ, ಒಂದು ಪಡಿತರ ಚೀಟಿ'ಗೆ ಸೇರಿತು. ತಾಂಡಾಗಳಿಂದ ಮುಂಬೈ, ಪುಣೆಗೆ ಗುಳೆ ಹೋಗುವವರಿಗೆ ಇದು ಸಣ್ಣ ಮಾತಲ್ಲ. ಮೊದಲು ಊರು ಬಿಟ್ಟರೆ ಅಕ್ಕಿ ಬಿಟ್ಟಂತೆಯೇ. ಈಗ ಪುಣೆಯಲ್ಲಿ ಕೇಂದ್ರದ ಪಾಲಿನ 5 ಕೆಜಿ ಎತ್ತಬಹುದು. ಅನ್ನಭಾಗ್ಯದ ಹೆಚ್ಚುವರಿ ಪಾಲು ಮಾತ್ರ ರಾಜ್ಯದ ಗಡಿ ದಾಟುವುದಿಲ್ಲ. 2023ರಲ್ಲಿ ಆ ಹೆಚ್ಚುವರಿ 5 ಕೆಜಿಗೆ ಬದಲು ತಲೆಗೆ 170 ರೂಪಾಯಿ ಖಾತೆಗೆ ಹಾಕಿದಾಗಲೂ ಆಧಾರ್ ಜೋಡಣೆಯಾಗದ ಖಾತೆಯವರು ಬ್ಯಾಂಕಿಗೆ ಅಲೆದರು. 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿಯೇ ಆಯಿತು.

ಬೀದರಿನವರ ಪಾಡು ಇನ್ನೊಂದು ತೆರ. ಇಲ್ಲಿ ಹೆಣ್ಣು ಕೊಟ್ಟು ತರುವ ನಂಟು ಲಾತೂರು, ನಾಂದೇಡ, ಜಹೀರಾಬಾದಿನವರೆಗೂ ಹಬ್ಬಿದೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗ ಉಚಿತ ಟಿಕೆಟಿಗೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕಾಯಿತು. ಮದುವೆಯಾಗಿ ಇಪ್ಪತ್ತು ವರ್ಷ ಭಾಲ್ಕಿಯಲ್ಲೇ ಬಾಳಿದರೂ ಆಧಾರಿನಲ್ಲಿ ತವರಿನ ಮಹಾರಾಷ್ಟ್ರದ ವಿಳಾಸವಿದ್ದರೆ, ಕಂಡಕ್ಟರ್ ಪಾಲಿಗೆ ಆಕೆ ಹೊರಗಿನವಳೇ.

ಈಗ ಬೆರಳಿನಿಂದ ಮುಖಕ್ಕೆ ಬಂದಿದ್ದೇವೆ. 2025ರ ಜುಲೈನಿಂದ ಅಂಗನವಾಡಿಯಿಂದ ಮನೆಗೆ ಒಯ್ಯುವ ಪೌಷ್ಟಿಕ ಆಹಾರಕ್ಕೆ ತಾಯಂದಿರು ಮೊಬೈಲ್ ಕ್ಯಾಮೆರಾಗೆ ಮುಖ ತೋರಿಸಬೇಕು. ಮುಖ ಸವೆಯುವುದಿಲ್ಲವಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ಆದರೆ ಪ್ರಶ್ನೆ ಸವೆತದ್ದಲ್ಲ. ತಾಳೆಯಾಗದಿದ್ದಾಗ ಯಾರ ಮೇಲೆ ಹೊರೆ ಬೀಳುತ್ತದೆ ಎಂಬುದು. 2013ರ ಆಹಾರ ಭದ್ರತಾ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಸಿಗಬೇಕಾದ ಧಾನ್ಯ ಸಿಗದಿದ್ದರೆ ಸರ್ಕಾರ ಭತ್ಯೆ ಕೊಡಬೇಕು. 15ನೇ ಸೆಕ್ಷನ್ ಪ್ರಕಾರ ಜಿಲ್ಲೆಗೊಬ್ಬ ಕುಂದುಕೊರತೆ ನಿವಾರಣಾಧಿಕಾರಿ ಇರಬೇಕು. ಹಕ್ಕು ಕಾಗದದ ಮೇಲಿದೆ. ಅದನ್ನು ಕೇಳಲು ಹೋದವರಿಗೆ ಮೊದಲ ಪ್ರಶ್ನೆ: ನೀವು ಅಂಗಡಿಗೆ ಹೋಗಿದ್ದಿರಿ ಎನ್ನಲು ಏನು ಪುರಾವೆ? ಬೆರಳು ಹೊಂದದಿದ್ದರೆ ಆಧಾರ್ ವ್ಯವಸ್ಥೆ 300 ಎಂಬ ದೋಷ ಸಂಖ್ಯೆ ಕೊಡುತ್ತದೆ. ದಿನ, ಗಂಟೆ, ನಿಮಿಷದ ಸಮೇತ ಅದು ಎಲ್ಲೋ ದಾಖಲಾಗಿಯೂ ಇರುತ್ತದೆ. ಅಕ್ಕಿ ಕೊಟ್ಟಾಗ ರಸೀದಿ ಮುದ್ರಿಸುವ ಅದೇ ಯಂತ್ರ, ಕೊಡದಿದ್ದಾಗಲೂ ಇಂಥ ದಿನ ಇಂಥವರು ಬಂದಿದ್ದರು, ಇಂಥ ಕಾರಣಕ್ಕೆ ಕೊಡಲಿಲ್ಲ ಎಂದು ಒಂದು ಚೀಟಿ ಹೊರಹಾಕಬಹುದು. ಔರಾದಿನ ತಾಲೂಕು ಕಚೇರಿಯಲ್ಲಿ ಸ್ವೀಕೃತಿ ಚೀಟಿ ಶುರುವಾದದ್ದು 2012ರಲ್ಲಿ. ಕಂಟ್ರೋಲ್ ಅಂಗಡಿಗೆ ಅದನ್ನು ತರಲು ಹೊಸ ತಂತ್ರಜ್ಞಾನವೇನೂ ಬೇಕಿಲ್ಲ, ಆಹಾರ ಇಲಾಖೆಯ ಒಂದು ಸುತ್ತೋಲೆ ಸಾಕು.