ಡೋಪಮೈನ್ ಹಿಡಿಯೋಕೆ ಹೊರಟ ಕೆಮಿಸ್ಟ್

ಚಿಕ್ಕಮಗಳೂರಲ್ಲೂ ಈಗ ಡೋಪಮೈನ್ ಮಾತೇ ಮಾತು, ಅಂದ್ರೆ ಮೆದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸೋಕೆ ಬಳಸೋ ಒಂದು ರಾಸಾಯನಿಕ. ಎರಡು ದಿನ ಮೊಬೈಲ್ ಮುಟ್ಟದೆ 'ಡೋಪಮೈನ್ ಡಿಟಾಕ್ಸ್' ಮಾಡ್ತೀನಿ ಅಂತ ಕಾಲೇಜು ಹುಡುಗ್ರು ಹೊರಡ್ತಾರೆ. ಮೊಬೈಲ್ ಬಿಡ್ಲಿ, ಬಹಳ ಒಳ್ಳೇದು, ಆದ್ರೆ ಡೋಪಮೈನ್ ತೊಳೆದು ಹಾಕೋ ವಿಷ ಅಲ್ಲ ಕಣ್ರೀ, ಅದನ್ನ ಮಾಡೋ ಜೀವಕೋಶಗಳು ಸಾಯ್ತಾ ಹೋದ್ರೆ ಬರೋದೇ ಪಾರ್ಕಿನ್ಸನ್, ಕೈ ನಡುಗುತ್ತೆ, ಹೆಜ್ಜೆ ಎತ್ತಿಡೋಕಾಗಲ್ಲ.

ಈ ಡೋಪಮೈನ್ ಕ್ಷಣದಲ್ಲಿ ಚಿಮ್ಮಿ ಕ್ಷಣದಲ್ಲೇ ಮಾಯ ಆಗೋದನ್ನ ಕಣ್ಣಿಗೆ ಕಾಣೋ ಹಾಗೆ ಮಾಡಿದೋರು ಕೆಮಿಸ್ಟ್‌ಗಳು. ಅಮೆರಿಕದ ಕಾನ್ಸಾಸ್ ಯೂನಿವರ್ಸಿಟಿಯ ರಾಲ್ಫ್ ಆಡಮ್ಸ್ 1958ರಲ್ಲಿ ಕಾರ್ಬನ್ ಪೇಸ್ಟ್ ಎಲೆಕ್ಟ್ರೋಡ್, ಅಂದ್ರೆ ಕರೆಂಟ್ ಹಿಡಿಯೋ ಇಂಗಾಲದ ತುದಿ ಮಾಡಿದ್ರು, 1973ರಲ್ಲಿ ತಮ್ಮ ತಂಡದ ಜೊತೆ ಅಂಥದ್ದನ್ನ ಇಲಿ ಮೆದುಳಿಗೇ ಇಳಿಸಿದ್ರು. ಸಿಗ್ನಲ್ ಬಂತು, ಆದ್ರೆ ಬಹುಪಾಲು ವಿಟಮಿನ್ ಸಿ ಕೊಟ್ಟಿದ್ದು! ಮೆದುಳಲ್ಲಿ ಅದು ಡೋಪಮೈನ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತೆ.

ಆಡಮ್ಸ್ ಹತ್ರ ಪಳಗಿದ ಮಾರ್ಕ್ ವೈಟ್‌ಮನ್ ಇಡೀ ವೃತ್ತಿಜೀವನ ಇದಕ್ಕೇ ಕೊಟ್ರು. ಅವ್ರ ಉಪಕರಣ ಏನಂದ್ರೆ ಗಾಜಿನ ಕೊಳವೆ ತುದೀಲಿ ಒಂದು ಕಾರ್ಬನ್ ಎಳೆ, ದಪ್ಪ ಸುಮಾರು 7 ಮೈಕ್ರೋಮೀಟರ್, ನಮ್ಮ ತಲೆಕೂದಲಿನ ಹತ್ತನೇ ಒಂದು ಭಾಗ. ಅದನ್ನ ಮೈಕ್ರೋಸ್ಕೋಪ್ ಕೆಳಗಿಟ್ಟು ಬ್ಲೇಡಿಂದ ಕತ್ತರಿಸಬೇಕು, ಕೈ ಸ್ವಲ್ಪ ಅಲುಗಿದ್ರೂ ಹೋಯ್ತು. ಆಮೇಲೆ ವೋಲ್ಟೇಜನ್ನ ಮೈನಸ್ 0.4ರಿಂದ 1.3ಕ್ಕೆ ಏರಿಸಿ ಇಳಿಸ್ತಾರೆ, ಸೆಕೆಂಡಿಗೆ 400 ವೋಲ್ಟ್ ವೇಗದಲ್ಲಿ, ಸೆಕೆಂಡಿಗೆ ಹತ್ತು ಸಲ. ಡೋಪಮೈನ್ ಅಣು ಎಳೆಗೆ ತಾಗಿದ್ರೆ ಎರಡು ಎಲೆಕ್ಟ್ರಾನ್ ಬಿಟ್ಕೊಡುತ್ತೆ, ಆ ಕರೆಂಟೇ ಲೆಕ್ಕ. ತೊಂದರೆ ಏನಂದ್ರೆ ಇಷ್ಟು ಜೋರಾಗಿ ವೋಲ್ಟೇಜ್ ಓಡಿಸಿದಾಗ ಎಳೆಯಿಂದಲೇ ಭಾರೀ ಕರೆಂಟ್ ಹುಟ್ಟುತ್ತೆ, ಶ್ರಾವಣದ ಮಳೆ ಹಂಚಿನ ಮೇಲೆ ಹೊಡೀತಿರೋವಾಗ ಪಕ್ಕದ ರೂಮಿನ ಪಿಸುಮಾತು ಕೇಳಿಸ್ಕೊಂಡ ಹಾಗೆ. ಆದ್ರೆ ಈ ಗದ್ದಲ ಕೆಲವು ಸೆಕೆಂಡ್ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ, ಅದಕ್ಕೇ ಹಿಂದಿನ ಅಳತೆಯನ್ನ ಈಗಿನದ್ರಿಂದ ಕಳೆದ್ರೆ ಉಳಿಯೋದು ಡೋಪಮೈನ್ ಏರಿಳಿತ. ಎಂಥ ಬುದ್ಧಿ ನೋಡಿ! ಆದ್ರೆ ಹೀಗೆ ಕಳೆದಾಗ ಸಿಗೋದು ಬದಲಾವಣೆ ಮಾತ್ರ, ಒಟ್ಟು ಎಷ್ಟಿದೆ ಅನ್ನೋದು ಸಿಗಲ್ಲ. ಹಾಗಿದ್ಮೇಲೆ 'ನನ್ನ ಡೋಪಮೈನ್ ಲೆವೆಲ್ ಇಷ್ಟು' ಅಂತ ಮನೇಲಿ ಕೂತು ಹೇಳೋರು ಯಾವ ಲೆಕ್ಕದಲ್ಲಿ ಹೇಳ್ತಾರೋ.

ಈ ಎಳೆಯಲ್ಲೇ ಅಡಿನೋಸಿನ್, ಅಂದ್ರೆ ನಿದ್ದೆ ಬರಿಸೋ ಮೆದುಳಿನ ರಾಸಾಯನಿಕವನ್ನ ಕೂಡ ಅಳೀತಾರೆ, ವೋಲ್ಟೇಜ್ ಇನ್ನೂ ಸ್ವಲ್ಪ ಮೇಲೆ ಒಯ್ಯಬೇಕು ಅಷ್ಟೇ. ನಮ್ಮ ಮೂಡಿಗೆರೆ, ಬಾಳೆಹೊನ್ನೂರು ಕಡೆಯೋರಿಗೆ ಇದು ಗೊತ್ತಿರಬೇಕು, ಯಾಕಂದ್ರೆ ಕಾಫಿಯ ಕೆಫೀನ್ ಕೆಲಸ ಮಾಡೋದೇ ಅಡಿನೋಸಿನ್ ಹೋಗಿ ಕೂರೋ ರಿಸೆಪ್ಟರನ್ನ, ಅಂದ್ರೆ ಜೀವಕೋಶದ ಮೇಲಿನ ಅದರ ಜಾಗವನ್ನ, ಅಡ್ಡಗಟ್ಟಿ.